ಕೇಳಿ ಪಡೆದ ಅರಸ

ಸಂಡೇ ಸ್ಕೂಲಿನಲ್ಲಿ ನಾನು ಕಲಿತ ಸೌಲನ ಕಥೆ ಒಂದೇ ವಾಕ್ಯದ್ದು. ಅವನು ದೇವರ ಮಾತು ಕೇಳಲಿಲ್ಲ, ಆದ್ದರಿಂದ ಹಾಳಾದ. ಆಮೇಲೆ ಎಷ್ಟೋ ಪ್ರಸಂಗಗಳಲ್ಲಿ ಅದೇ ವಾಕ್ಯ ಬೇರೆ ಬೇರೆ ದನಿಗಳಲ್ಲಿ ಕಿವಿಗೆ ಬಿದ್ದಿದೆ. ಅದಕ್ಕೆ ಆಧಾರವೂ ಗಟ್ಟಿಯಾಗಿಯೇ ಇದೆ. ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕ 10ನೆಯ ಅಧ್ಯಾಯದಲ್ಲಿ ಸೌಲನ ಸಾವನ್ನು ಹೇಳಿ, ಕೊನೆಯ ಎರಡು ವಚನಗಳಲ್ಲಿ ಲೆಕ್ಕ ಮುಗಿಸಿಬಿಡುತ್ತದೆ. ದ್ರೋಹ ಬಗೆದ, ಅಪ್ಪಣೆ ಮೀರಿದ, ಸತ್ತವರನ್ನು ಮಾತಾಡಿಸುವವಳ ಬಾಗಿಲಿಗೆ ಹೋದ. ಅದಕ್ಕೇ ಸತ್ತ, ರಾಜ್ಯ ದಾವೀದನ ಪಾಲಾಯಿತು ಎಂಬಲ್ಲಿಗೆ ಅವನ ವಿಚಾರ ಮುಗಿಯಿತು.

ಇದೇ ಅರಸನನ್ನು ಸಮುವೇಲನ ಮೊದಲನೆಯ ಪುಸ್ತಕ 9ನೆಯ ಅಧ್ಯಾಯದಲ್ಲಿ ಕಳೆದುಹೋದ ಕತ್ತೆಗಳನ್ನು ಹುಡುಕುವ ಹುಡುಗನಾಗಿ ಕರೆತಂದು, 31ನೆಯ ಅಧ್ಯಾಯದಲ್ಲಿ ಮಣ್ಣು ಮಾಡುತ್ತದೆ. 23 ಅಧ್ಯಾಯಗಳ ಕಥೆ. ಆ ಎರಡು ವಚನಗಳ ತೀರ್ಪೇ ಸಾಕಾಗಿದ್ದರೆ ಇಷ್ಟು ದೂರ ಯಾರೂ ನಮ್ಮನ್ನು ನಡೆಸುತ್ತಿರಲಿಲ್ಲ. ಎರಡೂ ಪುಸ್ತಕಗಳ ನಂಬಿಕೆ ಒಂದೇ: ದೇವರ ಮಾತು ಮೀರಿದ ನಾಯಕ ಉಳಿಯುವುದಿಲ್ಲ. ಆದರೆ ಸಮುವೇಲನ ಪುಸ್ತಕದ ಕಥೆಗಾರನಿಗೆ ಆ ನಂಬಿಕೆಯನ್ನು ಸಾರಿಬಿಟ್ಟರೆ ತೃಪ್ತಿಯಿಲ್ಲ. ಬೀಳುವವನ ಮೈಯೊಳಗೆ ಹೊಕ್ಕು, ಎಲ್ಲಿ ಮೊದಲು ಸಡಿಲವಾಯಿತು, ಯಾವ ಸಣ್ಣ ಅಂಜಿಕೆ ಅವನನ್ನು ಎಲ್ಲಿಗೆ ಮುಟ್ಟಿಸಿತು ಎಂದು ಅವನು ತಡವಿ ನೋಡುತ್ತಾನೆ. ಹೀಗೆ ತಡವಿದ್ದರಿಂದಲೇ ಈ ಕಥೆ ಮೂರು ಸಾವಿರ ವರ್ಷ ಹಿಂದಿನ ಒಬ್ಬ ಬೆನ್ಯಾಮೀನ ಕುಲದವನ ಸುದ್ದಿಯಾಗಿ ಉಳಿಯದೆ, ಅಧಿಕಾರ ಎಂಬುದನ್ನು ಕುರಿತು ನಾನು ಓದಿರುವ ಕೃತಿಗಳಲ್ಲೆಲ್ಲ ಅತಿ ಆಳವಾದವುಗಳಲ್ಲಿ ಒಂದಾಗಿದೆ.

ಇದನ್ನು ಕನ್ನಡದಲ್ಲಿ ಓದುವವರಿಗೆ ಒಂದು ಭಾಗ್ಯವಿದೆ. ನಮ್ಮ 'ಕೇಳು' ಎಂಬ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ದನಿಯನ್ನು ಕೇಳುತ್ತೇವೆ, ಬೇಕಾದದ್ದನ್ನು ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ. ಮಗ ಮಾತು ಕೇಳುವುದಿಲ್ಲ ಎಂದು ತಾಯಿ ಕೊರಗಿದರೆ ಅವಳು ಮಗನ ಕಿವಿಯ ಬಗ್ಗೆ ಹೇಳುತ್ತಿಲ್ಲ. ಹೀಬ್ರೂ ಭಾಷೆಯಲ್ಲಿಯೂ ಆಲಿಸುವುದಕ್ಕೂ ವಿಧೇಯನಾಗುವುದಕ್ಕೂ ಒಂದೇ ಪದ: 'ಶಾಮಾ'. ಬೇಡುವುದಕ್ಕೆ, ವಿಚಾರಿಸುವುದಕ್ಕೆ ಅಲ್ಲಿ ಬೇರೆ ಪದ, 'ಶಾಅಲ್'. ಸೌಲನ ಹೆಸರು ಹುಟ್ಟಿದ್ದು ಈ ಎರಡನೆಯದರಿಂದ. 'ಶಾಊಲ್' ಎಂದರೆ ಕೇಳಿ ಪಡೆದವನು. ಹೀಬ್ರೂ ಎರಡು ಧಾತುಗಳನ್ನು ಎದುರುಬದುರು ನಿಲ್ಲಿಸಿ ಹೆಣೆದ ಕಥೆ ಕನ್ನಡಕ್ಕೆ ಬಂದಾಗ ಒಂದೇ ಧಾತುವಿನ ಕಥೆಯಾಗುತ್ತದೆ. ಜನ ಅರಸನನ್ನು ಕೇಳಿದರು. ಅರಸ ಮಾತು ಕೇಳಲಿಲ್ಲ. ಕಡೆಗೆ ಅವನು ಕೇಳಿದಾಗ ಉತ್ತರ ಬರಲಿಲ್ಲ. ಅನುವಾದದಲ್ಲಿ ಕಳೆದುಹೋಗುವುದೇ ಹೆಚ್ಚು ಎನ್ನುತ್ತಾರೆ. ಇಲ್ಲಿ ನಮ್ಮ ಭಾಷೆ ಮೂಲದಲ್ಲಿಲ್ಲದ ಒಂದು ಗಂಟನ್ನು ತಾನಾಗಿ ಹಾಕಿಕೊಟ್ಟಿದೆ.

ಕೇಳುವುದರ ಕಥೆ ಸೌಲ ಹುಟ್ಟುವ ಮೊದಲೇ ಆರಂಭವಾಗುತ್ತದೆ. ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ತುಟಿಯಷ್ಟೇ ಅಲುಗಿಸುತ್ತ ಬೇಡಿ ಸಮುವೇಲನನ್ನು ಪಡೆಯುತ್ತಾಳೆ. ಅವನನ್ನು ದೇವರಿಗೆ ಒಪ್ಪಿಸುವಾಗ ಅವಳಾಡುವ ಮಾತಿನಲ್ಲಿ, ಹೀಬ್ರೂ ಮೂಲದಲ್ಲಿ, 'ಶಾಊಲ್' ಎಂಬ ಪದ ಅಕ್ಷರಶಃ ಬರುತ್ತದೆ. ಕೇಳಿ ಪಡೆದ ಮೊದಲ ಮಗ ಸಮುವೇಲನೇ ಎಂದಾಯಿತು. ಅವನ ಹುಡುಗತನದ ಪ್ರಸಿದ್ಧ ರಾತ್ರಿಯೂ ದನಿಯೊಂದನ್ನು ಕೇಳಿದ ರಾತ್ರಿಯೇ. ಮುಂದೆ ಯಾರ ಎದುರು ಯಾರು ನಿಲ್ಲಬೇಕೋ ಅವರಿಬ್ಬರನ್ನೂ ಕಥೆಗಾರ ಒಂದೇ ಪದದ ತೊಟ್ಟಿಲಲ್ಲಿ ಮಲಗಿಸಿಟ್ಟಿದ್ದಾನೆ.

ಸಮುವೇಲನಿಗೆ ವಯಸ್ಸಾದಾಗ ಹಿರಿಯರು ಬಂದು ಅರಸ ಬೇಕು ಎನ್ನುತ್ತಾರೆ. ಅವರ ಬಳಿ ಕಾರಣವೂ ಇದೆ: ಸಮುವೇಲನ ಮಕ್ಕಳು ಬೇರ್ಷೆಬದಲ್ಲಿ ಲಂಚ ತಿಂದು ನ್ಯಾಯ ತಿರುಚುತ್ತಿದ್ದರು. ಸಮುವೇಲನಿಗೆ ಇದು ಹಿಡಿಸುವುದಿಲ್ಲ. ಅರಸ ಬಂದರೆ ಗಂಡುಮಕ್ಕಳನ್ನು ರಥಗಳಿಗೆ, ಹೆಣ್ಣುಮಕ್ಕಳನ್ನು ಅಡುಗೆಮನೆಗೆ, ಹೊಲತೋಟಗಳನ್ನು ತನ್ನ ಸೇವಕರಿಗೆ ಎಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತಾನೆ. ಆದರೆ ಯೆಹೋವ ಅವನಿಗೆ ಹೇಳುವುದು ಜನರ ಮಾತು ಕೇಳೆಂದೇ. ಅದೂ ಒಂದಲ್ಲ, ಮೂರು ಸಲ. ಇದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು. ಜನರ ದನಿಗೆ ಕಿವಿಗೊಟ್ಟು ನೇಮಿಸಿದ ಅರಸ ಮುಂದೆ ಉರುಳುವುದು ಜನರ ದನಿಗೆ ಕಿವಿಗೊಟ್ಟದ್ದಕ್ಕೆ.

ಆಗಿನ ಸೌಲನನ್ನು ಪ್ರೀತಿಸದಿರುವುದು ಕಷ್ಟ. ಜನರೆಲ್ಲರಿಗಿಂತ ಹೆಗಲು, ತಲೆಯಷ್ಟು ಎತ್ತರದ ಆಳು. ಅಪ್ಪನ ಕತ್ತೆಗಳನ್ನು ಹುಡುಕುತ್ತ ಅಲೆಯುತ್ತ, ಅಪ್ಪ ಕತ್ತೆಯ ಚಿಂತೆ ಬಿಟ್ಟು ತನ್ನ ಚಿಂತೆ ಹಚ್ಚಿಕೊಂಡಾನು ಎಂದು ಮನೆಗೆ ಹಿಂದಿರುಗಲು ನೋಡುತ್ತಾನೆ. ದರ್ಶಿಯನ್ನು ಕಾಣಬೇಕೆಂದರೆ ಕಾಣಿಕೆಗೆ ಕೈಯಲ್ಲೇನೂ ಇಲ್ಲ. ಆಳಿನ ಬಳಿಯ ಕಾಲು ಶೆಕೆಲ್ ಬೆಳ್ಳಿಯೇ ಗತಿ. ಅರಸನನ್ನು ಆರಿಸುವ ಚೀಟಿ ಅವನ ಹೆಸರಿಗೆ ಬಿದ್ದಾಗ ಸಾಮಾನುಗಳ ನಡುವೆ ಅಡಗಿ ಕುಳಿತಿರುತ್ತಾನೆ. ಅರಸನಾದ ಮೇಲೂ ಹೊಲದಿಂದ ಎತ್ತುಗಳ ಹಿಂದೆ ಬರುತ್ತಿದ್ದಾಗಲೇ ಯಾಬೇಷ್ ಗಿಲ್ಯಾದಿನ ಸುದ್ದಿ ಅವನಿಗೆ ಮುಟ್ಟುವುದು. ಅಮ್ಮೋನಿಯರ ನಾಹಾಷ ಆ ಊರನ್ನು ಮುತ್ತಿ, ಎಲ್ಲರ ಬಲಗಣ್ಣು ಕಿತ್ತರೆ ಮಾತ್ರ ಒಪ್ಪಂದ ಎಂದಿದ್ದ. ಊರ ಹಿರಿಯರು ಏಳು ದಿನದ ಗಡುವು ಬೇಡಿದ್ದರು. ಆ ಏಳು ದಿನಗಳೊಳಗೆ ಸೌಲ ದಂಡು ಕೂಡಿಸಿ, ರಾತ್ರಿಯೆಲ್ಲ ನಡೆದು, ಊರನ್ನು ಉಳಿಸುತ್ತಾನೆ. ಗೆದ್ದ ಮೇಲೆ, ಮೊದಲು ತನ್ನನ್ನು ಹೀಗಳೆದವರನ್ನು ಕೊಲ್ಲೋಣವೆಂದು ಜನ ಎದ್ದಾಗ ಬೇಡವೆನ್ನುತ್ತಾನೆ. ಇಂಥವನು ಹೇಗೆ ಕೆಟ್ಟ?

ಮೊದಲ ಬಿರುಕು ಗಿಲ್ಗಾಲಿನಲ್ಲಿ. ಇಲ್ಲಿ ಮತ್ತೆ ಏಳು ದಿನಗಳ ಲೆಕ್ಕ ಬರುತ್ತದೆ. ತಾನು ಬರುವವರೆಗೆ ಏಳು ದಿನ ಕಾಯಬೇಕು, ಬಲಿಯನ್ನು ತಾನೇ ಅರ್ಪಿಸುತ್ತೇನೆ ಎಂದಿದ್ದ ಸಮುವೇಲ. ಎದುರಿಗೆ ಮಿಕ್ಮಾಷಿನಲ್ಲಿ ಫಿಲಿಷ್ಟಿಯರು, ಸಮುದ್ರದ ಮರಳಿನ ಹಾಗೆ. ಇಸ್ರಾಯೇಲ್ಯರಲ್ಲಿ ಕಮ್ಮಾರರೇ ಇಲ್ಲ. ಕಬ್ಬಿಣದ ಕೆಲಸವನ್ನು ಫಿಲಿಷ್ಟಿಯರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಒಂದು ನೇಗಿಲ ಗುಳ ಹರಿತ ಮಾಡಿಸಬೇಕಾದರೂ ಶತ್ರುವಿನ ಊರಿಗೆ ಹೋಗಿ ಹಣ ತೆರಬೇಕು. ಇಡೀ ಸೈನ್ಯದಲ್ಲಿ ಕತ್ತಿ, ಈಟಿ ಇದ್ದದ್ದು ಸೌಲ ಮತ್ತು ಮಗ ಯೋನಾತಾನನ ಕೈಯಲ್ಲಿ ಮಾತ್ರ. ಜನ ಗವಿಗಳಲ್ಲಿ, ಬಾವಿಗಳಲ್ಲಿ, ಸಮಾಧಿಗಳಲ್ಲಿ ಅವಿತರು. ಕೆಲವರು ಯೊರ್ದನ್ ನದಿ ದಾಟಿ ಓಡಿಹೋದರು. ಏಳನೆಯ ದಿನವೂ ಸಮುವೇಲ ಬರಲಿಲ್ಲ. ದಂಡು ಕಣ್ಣೆದುರೇ ಕರಗುತ್ತಿತ್ತು. ಸೌಲ ತಾನೇ ಸರ್ವಾಂಗಹೋಮ ಮಾಡಿದ. ಹೊಗೆ ಇನ್ನೂ ಏಳುತ್ತಿರುವಾಗಲೇ ಸಮುವೇಲ ಬಂದು ನಿಂತ. ನಿನ್ನ ಅರಸುತನ ನಿಲ್ಲುವುದಿಲ್ಲ ಎಂದುಬಿಟ್ಟ. ಎಣಿಸಿ ನೋಡಿದರೆ ಉಳಿದವರು 600 ಜನ.

ಪ್ರಾಮಾಣಿಕವಾಗಿ ಹೇಳುತ್ತೇನೆ, ಈ ಅಧ್ಯಾಯದಲ್ಲಿ ನನ್ನ ಮನಸ್ಸು ಸೌಲನ ಪರ. ತಡವಾಗಿ ಬಂದವನು ಸಮುವೇಲ. ಸೌಲ ಕೊಡುವ ಕಾರಣಗಳು ಕುಂಟುನೆಪಗಳಲ್ಲ. ಕಥೆಗಾರನೇ ಅವುಗಳನ್ನು ಒಂದೊಂದಾಗಿ ನಮಗೆ ಮೊದಲೇ ತೋರಿಸಿದ್ದಾನೆ. 1980ರಲ್ಲಿ ಡೇವಿಡ್ ಗನ್ ಎಂಬ ವಿಮರ್ಶಕ ಸೌಲನ ಮೇಲೆಯೇ ಒಂದು ಪುಸ್ತಕ ಬರೆದು, ಇವನನ್ನು ಕೆಡವಿದ್ದು ಇವನ ತಪ್ಪಿಗಿಂತ ಹೆಚ್ಚಾಗಿ ಇವನ ವಿಧಿ ಎಂಬ ದಿಕ್ಕಿನಲ್ಲಿ ವಾದಿಸಿದ್ದ. 13ನೆಯ ಅಧ್ಯಾಯವೊಂದೇ ನಮ್ಮ ಕೈಗೆ ಸಿಕ್ಕಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅಪ್ಪಣೆಯನ್ನು ಏಳು ದಿನ ಪಾಲಿಸಿ, ಏಳನೆಯ ದಿನದ ಕೊನೆಯಲ್ಲಿ ಎಡವಿದವನಿಗೆ ಇಷ್ಟು ದೊಡ್ಡ ದಂಡವೇ?

ಮುಂದಿನ ಅಧ್ಯಾಯ ಓದಿದಾಗ ಮನಸ್ಸು ಬದಲಾಗುತ್ತದೆ. ಯುದ್ಧ ನಡೆಯುತ್ತಿದೆ, ಜಯ ಕೈಯೆಟುಕಿನಲ್ಲಿದೆ. ಸಂಜೆಯವರೆಗೆ ತುತ್ತು ಮುಟ್ಟಿದವನು ಶಾಪಗ್ರಸ್ತ ಎಂದು ಸೌಲ ಹಸಿದ ಸೈನಿಕರ ಮೇಲೆ ಆಣೆ ಹೇರುತ್ತಾನೆ. ದೇವರು ಇದನ್ನು ಕೇಳಿರಲಿಲ್ಲ. ಕಾಡಿನ ನೆಲದ ಮೇಲೆ ಜೇನು ಹರಿಯುತ್ತಿದೆ, ಯಾರೂ ಕೈ ಚಾಚುವುದಿಲ್ಲ. ಆಣೆಯ ಸುದ್ದಿ ತಿಳಿಯದ ಯೋನಾತಾನ ಕೋಲಿನ ತುದಿಯಿಂದ ಒಂದಿಷ್ಟು ಜೇನು ಮುಟ್ಟಿ ಬಾಯಿಗಿಟ್ಟುಕೊಂಡಾಗ ಅವನ ಕಣ್ಣು ಬೆಳಗುತ್ತದೆ. ಸಂಜೆಗೆ, ಹೊಟ್ಟೆ ಬೆನ್ನಿಗಂಟಿದ ಸೈನಿಕರು ಕೊಳ್ಳೆಯ ದನಗಳನ್ನು ನೆಲದ ಮೇಲೇ ಕಡಿದು ರಕ್ತಸಮೇತ ತಿನ್ನುತ್ತಾರೆ. ದೇವರನ್ನು ಒಲಿಸಲೆಂದು ಹೇರಿದ ಉಪವಾಸ ದೇವರ ಕಟ್ಟಳೆಯನ್ನೇ ಮುರಿಸುತ್ತದೆ. ಆಣೆ ಮುರಿದವನನ್ನು ಹುಡುಕುವ ಚೀಟಿ ಯೋನಾತಾನನ ಹೆಸರಿಗೆ ಬಿದ್ದಾಗ ಸೌಲ ಮಗನನ್ನು ಕೊಲ್ಲಲು ಸಿದ್ಧ. ಜನ ಅಡ್ಡನಿಂತು ಬಿಡಿಸುತ್ತಾರೆ.

ಗಿಲ್ಗಾಲಿನ ಹೋಮದ ಅರ್ಥ ನನಗೆ ತಿಳಿದದ್ದು ಇಲ್ಲಿಂದ ಹಿಂದಿರುಗಿ ನೋಡಿದಾಗ. ಸೌಲ ನಾಸ್ತಿಕನಲ್ಲ. ಅವನಿಗೆ ಭಕ್ತಿಯ ಕೊರತೆಯೂ ಇಲ್ಲ. ಹೋಮ, ಆಣೆ, ಉಪವಾಸ, ಬಲಿ ಎಲ್ಲವೂ ಧಾರಾಳವಾಗಿವೆ. ಆದರೆ ಪ್ರತಿ ಸಲವೂ ಅವನು ಆಚರಣೆಗೆ ಕೈಹಾಕುವುದು ಸುಮ್ಮನೆ ನಿಂತು ಕೇಳಲು ಆಗದಿದ್ದಾಗ. ಜನ ಚದುರಿಹೋಗುತ್ತಾರೆಂಬ ಅಂಜಿಕೆ ಅವನನ್ನು ಯಜ್ಞದ ಬೆಂಕಿಯ ಬಳಿಗೆ ಅಟ್ಟುತ್ತದೆ. ಕಾಯುವುದು ಬಿಟ್ಟು ಉಳಿದೆಲ್ಲವನ್ನೂ ಅವನು ದೇವರಿಗಾಗಿ ಮಾಡಬಲ್ಲ.

ಅಮಾಲೇಕ್ಯರ ಅಧ್ಯಾಯವನ್ನು, ಅಂದರೆ 15ನೆಯದನ್ನು, ನಿಧಾನವಾಗಿ ನೋಡಬೇಕು. ಓದುಗನ ಮನಸ್ಸಿಗೆ ಅತಿ ಹೆಚ್ಚು ಪೆಟ್ಟು ಕೊಡುವ ಅಧ್ಯಾಯವೂ ಅದೇ. ಗಂಡಸು, ಹೆಂಗಸು, ಮಗು, ಮೊಲೆಗೂಸು, ದನ, ಕುರಿ, ಒಂಟೆ, ಕತ್ತೆ, ಏನನ್ನೂ ಉಳಿಸಬಾರದೆಂಬುದು ಸೌಲನಿಗೆ ಬಂದ ಆಜ್ಞೆ. ಈ ಆಜ್ಞೆಯನ್ನು ನಾನು ಸಮರ್ಥಿಸಲಾರೆ. ಪ್ರಾಚೀನ ಕಾಲದ ಯುದ್ಧದ ರೂಢಿ ಎಂದು ವಿವರಿಸಬಹುದು, ಆದರೆ ವಿವರಣೆಯಿಂದ ಮೊಲೆಗೂಸಿನ ಸಾವು ಹಗುರಾಗುವುದಿಲ್ಲ. ಹಾಗಾದರೆ ಆಜ್ಞೆ ಮೀರಿದ ಸೌಲನೇ ಇಲ್ಲಿ ದಯಾಳುವೇ? ಆಧುನಿಕ ಓದುಗರು ಹಲವರು ಹಾಗೆ ಹಾರೈಸಿಕೊಂಡು ಓದುತ್ತಾರೆ. ಪಠ್ಯ ಅದಕ್ಕೆ ಎಡೆಗೊಡುವುದಿಲ್ಲ. ಸೌಲ ಉಳಿಸಿದ್ದು ಯಾರನ್ನು? ಅರಸ ಅಗಾಗನನ್ನು, ಮತ್ತು ಕೊಬ್ಬಿದ ಕುರಿದನಗಳನ್ನು. ಕೂಸುಗಳನ್ನು ಅವನು ಉಳಿಸಲಿಲ್ಲ. ಬಡಕಲಾದದ್ದು, ಬೆಲೆಬಾಳದ್ದು ನಾಶವಾಯಿತು. ಬೆಲೆಬಾಳುವುದು ಹಿಂದೆ ಉಳಿಯಿತು. ಇದನ್ನು ಕರುಣೆ ಎನ್ನಲಾಗದು. ಆಮೇಲೆ ಅವನು ಕರ್ಮೆಲಿಗೆ ಹೋಗಿ ತನಗೊಂದು ಸ್ಮಾರಕಸ್ತಂಭ ನಿಲ್ಲಿಸಿಕೊಳ್ಳುತ್ತಾನೆ. ಸಾಮಾನಿನ ನಡುವೆ ಅಡಗಿದ್ದ ಹುಡುಗ ಎಲ್ಲಿಗೆ ಬಂದು ಮುಟ್ಟಿದ ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಸಮುವೇಲ ರಾತ್ರಿಯೆಲ್ಲ ದೇವರಿಗೆ ಮೊರೆಯಿಟ್ಟಿದ್ದಾನೆ, ಸೌಲನಿಗಾಗಿಯೇ ಇರಬೇಕು. ಬೆಳಿಗ್ಗೆ ಎದುರಾದ ಸೌಲ, ಆಜ್ಞೆ ನೆರವೇರಿಸಿದೆ ಎಂದು ತಾನಾಗಿ ಹೇಳುತ್ತಾನೆ. ಆಗ ಹಿಂದಿನಿಂದ ಕುರಿಗಳ ದನಿ. ಹೀಬ್ರೂವಿನಲ್ಲಿ ದೇವರ ದನಿಗೂ ಕುರಿಗಳ ಕೂಗಿಗೂ ಒಂದೇ ಪದ, 'ಕೋಲ್'. ಒಂದು ದನಿ ಕೇಳದವನ ಬಗ್ಗೆ ಇನ್ನೊಂದು ದನಿ ಸಾಕ್ಷಿ ನುಡಿಯುತ್ತದೆ. ಅನಂತರದ ಸಂಭಾಷಣೆಯಲ್ಲಿ ಕಥೆಗಾರನ ಕೌಶಲವೆಲ್ಲ ಸರ್ವನಾಮಗಳಲ್ಲಿದೆ. ಅಗಾಗನನ್ನೂ ಒಳ್ಳೆಯ ಕುರಿಗಳನ್ನೂ ಉಳಿಸಿದವರು ಸೌಲನೂ ಜನರೂ ಎಂದು ಕಥೆಗಾರ ತಾನೇ ಹೇಳಿದ್ದಾನೆ. ಸೌಲನ ಬಾಯಲ್ಲಿ ಉಳಿಸಿದವರು 'ಜನರು', ನಾಶಮಾಡಿದವರು 'ನಾವು'. ಅಷ್ಟೇ ಅಲ್ಲ, ಸಮುವೇಲನೊಡನೆ ಮಾತಾಡುವಾಗ ಮೂರು ಸಲವೂ ಅವನು ಯೆಹೋವನನ್ನು 'ನಿನ್ನ ದೇವರು' ಎನ್ನುತ್ತಾನೆ. ನನ್ನ ದೇವರು ಎಂದೂ ಅಲ್ಲ, ನಮ್ಮ ದೇವರು ಎಂದೂ ಅಲ್ಲ. ಇವನ ಪತನವಾದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಬೆರಳಿಡುವುದು ಈ ಒಂದು ಸರ್ವನಾಮದ ಮೇಲೆ.

ಉಳಿಸಿದ ಕುರಿಗಳು ಬಲಿಗಾಗಿ ಎಂಬ ಸಮಜಾಯಿಷಿಗೆ ಸಮುವೇಲ ಕೊಟ್ಟ ಉತ್ತರ ಜಗತ್ಪ್ರಸಿದ್ಧ: ಕೊಬ್ಬಿದ ಟಗರುಗಳನ್ನು ಒಪ್ಪಿಸುವುದಕ್ಕಿಂತ ಕಿವಿಗೊಡುವುದು ಮೇಲು ಎಂಬ ಅರ್ಥದ್ದು. ಕಡೆಗೆ ಸೌಲ ನಿಜವಾದ ಕಾರಣ ಹೇಳುತ್ತಾನೆ. ತಾನು ಜನರಿಗೆ ಹೆದರಿ ಅವರ ಮಾತು ಕೇಳಿದೆ ಎನ್ನುತ್ತಾನೆ. ಅಂದರೆ ಸೌಲ ಕಿವುಡನಾಗಿರಲಿಲ್ಲ. ಅವನು ಕೇಳಿದ, ಬೇರೆ ದನಿಯನ್ನು ಕೇಳಿದ. ಹಾಗೆಂದು ಜನರ ದನಿ ಯಾವಾಗಲೂ ತಪ್ಪೆಂದು ಪುಸ್ತಕ ಹೇಳುವುದಿಲ್ಲ. ಯೋನಾತಾನ ಬದುಕಿದ್ದು ಜನರ ದನಿಯಿಂದ. ತಪ್ಪಿದ್ದುದು ಹೆದರಿಕೆಯಲ್ಲಿ. ಮೆಚ್ಚುಗೆ ಕಳೆದುಕೊಳ್ಳುವ ಭಯದಿಂದ ಜನರನ್ನು ಕೇಳುವ ನಾಯಕ ಜನರನ್ನೂ ಸರಿಯಾಗಿ ಕೇಳಿರುವುದಿಲ್ಲ. ಪಾಪ ಒಪ್ಪಿಕೊಂಡ ಮೇಲೂ ಅವನ ಕೊನೆಯ ಕೋರಿಕೆ ಏನು? ಹಿರಿಯರ ಎದುರು ತನ್ನ ಮಾನ ಉಳಿಸಬೇಕು, ಅಷ್ಟೇ.

ಇಲ್ಲಿ ಒಂದು ಒರಟು ಹೊಲಿಗೆಯೂ ಇದೆ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ಯೆಹೋವ ಪಶ್ಚಾತ್ತಾಪಪಟ್ಟನೆಂದು ಅಧ್ಯಾಯದಲ್ಲಿ ಎರಡು ಸಲ ಬರುತ್ತದೆ. ನಡುವೆ ಸಮುವೇಲ, ಪಶ್ಚಾತ್ತಾಪಪಡಲು ದೇವರೇನು ಮನುಷ್ಯನೇ ಎಂಬಂತೆ ಹೇಳುತ್ತಾನೆ. ಮೂಲದಲ್ಲಿ ಎಲ್ಲ ಕಡೆಯೂ ಒಂದೇ ಧಾತು. ಬೇರೆ ಬೇರೆ ಕೈಗಳು ಸೇರಿಸಿದ ಪದರಗಳೆಂದು ಪಂಡಿತರು ಇದನ್ನು ಬಿಡಿಸುತ್ತಾರೆ. ಹಾಗಿರಬಹುದು. ಆದರೆ ಪುಸ್ತಕ ಇದನ್ನು ಸರಿಪಡಿಸದೆ ಬಿಟ್ಟದ್ದು ಒಳ್ಳೆಯದೇ ಆಯಿತೆಂದು ನನಗನ್ನಿಸುತ್ತದೆ. ತೀರ್ಪು ಕೊಟ್ಟವನಿಗೂ ನೋವಾಗಿದೆ ಎಂಬುದು ಇದರಿಂದ ಉಳಿಯಿತು.

ಸಮುವೇಲ ತಿರುಗಿ ಹೊರಟಾಗ ಸೌಲ ಹಿಡಿದ ಅವನ ನಿಲುವಂಗಿಯ ಅಂಚು ಹರಿಯುತ್ತದೆ. ಈ ನಿಲುವಂಗಿಯನ್ನು ಹಿಂಬಾಲಿಸಿದರೆ ಇಡೀ ಪುಸ್ತಕದ ಹೆಣಿಗೆ ಕಾಣುತ್ತದೆ. ಹನ್ನಳು ವರ್ಷವರ್ಷವೂ ಮಗ ಸಮುವೇಲನಿಗೆ ಹೊಲಿದು ತರುತ್ತಿದ್ದುದು ಒಂದು ಪುಟ್ಟ ನಿಲುವಂಗಿ. ಯೋನಾತಾನ ಗೆಳೆತನಕ್ಕೆ ಗುರುತಾಗಿ ದಾವೀದನಿಗೆ ಬಿಚ್ಚಿ ಕೊಡುವುದು ನಿಲುವಂಗಿ. ಏಂಗೆದಿಯ ಗವಿಯ ಕತ್ತಲಲ್ಲಿ, ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ ಕೈಗೆ ಸಿಕ್ಕಾಗ ದಾವೀದ ಕತ್ತರಿಸಿಕೊಳ್ಳುವುದು ಅವನ ನಿಲುವಂಗಿಯ ಅಂಚು. ಕೊನೆಗೆ ಸತ್ತವರ ಲೋಕದಿಂದ ಎದ್ದುಬಂದ ಮುದುಕನನ್ನು ಸೌಲ ಗುರುತು ಹಿಡಿಯುವುದೂ ಅದರಿಂದಲೇ.

ನಡುವಿನ ಅಧ್ಯಾಯಗಳು, ಅಂದರೆ ದಾವೀದನನ್ನು ಸೌಲ ಅಡವಿಯಿಂದ ಅಡವಿಗೆ ಅಟ್ಟಿಸಿಕೊಂಡು ಹೋಗುವ ಭಾಗ, ಕಲೆಯ ದೃಷ್ಟಿಯಿಂದ ಏರುಪೇರಾಗಿವೆ. ದಾವೀದ ಸೌಲನಿಗೆ ಎರಡು ಸಲ ಪರಿಚಯವಾಗುತ್ತಾನೆ. ಕಿನ್ನರಿ ನುಡಿಸಿ ತನ್ನನ್ನು ಸಂತೈಸಿದ್ದವನು ಯಾರ ಮಗನೆಂದು ಮುಂದಿನ ಅಧ್ಯಾಯದಲ್ಲಿ ಸೌಲನೇ ವಿಚಾರಿಸುತ್ತಾನೆ. ಸಿಕ್ಕ ಶತ್ರುವನ್ನು ಕೊಲ್ಲದೆ ಬಿಟ್ಟುಬಿಡುವ ಪ್ರಸಂಗ ಎರಡು ಸಲ ಬರುತ್ತದೆ. ದಾವೀದನ ಪರ ವಕಾಲತ್ತಿನ ದನಿ ಇಲ್ಲಿ ಎದ್ದು ಕೇಳಿಸುತ್ತದೆ. ಆದರೂ ಸೌಲನ ಸಂಕಟವನ್ನು ಕಥೆ ಅಡಗಿಸುವುದಿಲ್ಲ. ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ರೆಂಬ್ರಾಂಟನ ಚಿತ್ರದಲ್ಲಿ ಸೌಲ ಕಿನ್ನರಿ ಕೇಳುತ್ತ, ಪಕ್ಕದ ಪರದೆಯನ್ನೇ ಎಳೆದು ಕಣ್ಣೊರೆಸಿಕೊಳ್ಳುತ್ತಾನೆ. ಆ ಪರದೆ ಪುಸ್ತಕದಲ್ಲಿಲ್ಲ. ಆದರೆ ಚಿತ್ರಕಾರ ಪುಸ್ತಕವನ್ನು ಸರಿಯಾಗಿ ಓದಿದ್ದಾನೆ.

ಈ ಭಾಗದಲ್ಲಿ ನೋಬ್ ಪಟ್ಟಣದ ಪ್ರಸಂಗವನ್ನು ಮಾತ್ರ ದಾಟಿಹೋಗಲಾಗದು. ಗಿಬೆಯದ ಗುಡ್ಡದ ಮೇಲೆ, ಪಿಚುಲ ಮರದ ಕೆಳಗೆ, ಈಟಿ ಹಿಡಿದು ಸೌಲ ಕುಳಿತಿದ್ದಾನೆ. ಎಲ್ಲರೂ ತನ್ನ ವಿರುದ್ಧ ಒಳಸಂಚು ಮಾಡಿದ್ದಾರೆ ಎಂಬ ಗುಮಾನಿ. ದಾವೀದನಿಗೆ ರೊಟ್ಟಿ ಕೊಟ್ಟರೆಂಬ ತಪ್ಪಿಗೆ ಯಾಜಕ ಅಹೀಮೆಲೆಕನನ್ನೂ ಅವನ ಮನೆಯವರನ್ನೂ ಕೊಲ್ಲಲು ಅಪ್ಪಣೆಯಾಗುತ್ತದೆ. ಮೈಗಾವಲಿನವರು ಕೈ ಎತ್ತುವುದಿಲ್ಲ. ಜನರ ಮಾತನ್ನು ಅಂಜದೆ ಕೇಳಬೇಕಾಗಿದ್ದ ಗಳಿಗೆ ಇದು, ಕೇಳಲಿಲ್ಲ. ಎದೋಮ್ಯನಾದ ದೋಯೇಗ ಅಂದು 85 ಯಾಜಕರನ್ನು ಕೊಂದ. ನೋಬಿನಲ್ಲಿ ಸತ್ತವರ ಪಟ್ಟಿ ಆಮೇಲೆ ಬರುತ್ತದೆ: ಗಂಡಸು, ಹೆಂಗಸು, ಮಗು, ಮೊಲೆಗೂಸು, ದನ, ಕತ್ತೆ, ಕುರಿ. ಅಮಾಲೇಕ್ಯರ ಪಟ್ಟಿಯೇ ಇದು; ಒಂಟೆ ಮಾತ್ರ ಇಲ್ಲ. ಅಲ್ಲಿ ಪೂರ್ತಿ ಮಾಡದೆ ಬಿಟ್ಟದ್ದನ್ನು ಇಲ್ಲಿ, ಯಾರೂ ಹೇಳದೆ, ತನ್ನ ಜನರ ಮೇಲೆಯೇ ಪೂರ್ತಿ ಮಾಡಿದ. ಕಥೆಗಾರ ಒಂದು ಮಾತಿನ ಟೀಕೆಯನ್ನೂ ಸೇರಿಸುವುದಿಲ್ಲ. ಯಾಬೇಷಿನವರ ಬಲಗಣ್ಣು ಉಳಿಸಲು ರಾತ್ರಿಯೆಲ್ಲ ನಡೆದವನ ಕೈ ಇದು. ಅವಿಧೇಯತೆಗೆ ಶಿಕ್ಷೆಯಾಗಿ ಆಕಾಶದಿಂದ ಸಿಡಿಲು ಬೀಳಬೇಕಾಗಿಲ್ಲ. ಮೇಲಿನ ದನಿಗೆ ಉತ್ತರ ಕೊಡುವ ಹಂಗು ಕಳೆದುಕೊಂಡ ಅಧಿಕಾರ ಏನಾಗುತ್ತದೆ ಎಂಬುದನ್ನು ನೋಬ್ ತೋರಿಸುತ್ತದೆ.

ಹಾಗಾದರೆ ದಾವೀದ? ಅವನೇನು ಮಾತು ಕೇಳಿದವನೇ? ಸಮುವೇಲನ ಎರಡನೆಯ ಪುಸ್ತಕದಲ್ಲಿ ಅವನು ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ನೂಕಿ ಕೊಲ್ಲಿಸುತ್ತಾನೆ. ಕುರಿಗಳನ್ನು ಉಳಿಸಿದ್ದಕ್ಕೆ ಸೌಲನ ರಾಜ್ಯ ಹೋಯಿತು. ಕೊಲೆ ಮಾಡಿಯೂ ದಾವೀದನ ಸಿಂಹಾಸನ ಉಳಿಯಿತು. ಪ್ರವಾದಿ ನಾತಾನ ಬೆರಳು ತೋರಿಸಿದ ಕೂಡಲೇ ದಾವೀದ ಮರುಮಾತಿಲ್ಲದೆ ಒಪ್ಪಿಕೊಂಡ, ಸೌಲ ನೆಪಗಳ ಸುತ್ತ ಸುತ್ತಿಬಂದು ಒಪ್ಪಿಕೊಂಡ ಎಂಬುದು ರೂಢಿಯ ವಿವರಣೆ. ಅದು ನಿಜ, ಆದರೆ ಸಾಲದು. ಊರೀಯನಿಗೆ ಆ ವ್ಯತ್ಯಾಸದಿಂದ ಏನು ಬಂತು? ದಾವೀದನ ಮನೆಯಲ್ಲಿ ಮುಂದೆ ಕತ್ತಿ ಆರಲೇ ಇಲ್ಲವೆಂಬುದನ್ನು ಸೇರಿಸಿಕೊಂಡರೂ, ಇಬ್ಬರು ಅರಸರ ನಡುವೆ ತಕ್ಕಡಿ ಸಮವಾಗಿ ತೂಗಿದೆ ಎಂದು ನನಗನ್ನಿಸುವುದಿಲ್ಲ. ಈ ಅಸಮವನ್ನು ಪುಸ್ತಕ ಮುಚ್ಚಿಡಲಿಲ್ಲ. ಮುಚ್ಚುವ ಕೆಲಸವನ್ನು ಮಾಡುತ್ತಿರುವವರು ನಾವು.

ಪ್ರಸಂಗಪೀಠದಿಂದ ಈ ಕಥೆಯನ್ನು ಬಳಸುವ ಬಗೆಯ ಮೇಲೆ ನನ್ನ ದೊಡ್ಡ ತಕರಾರು ಇರುವುದು ಬೇರೆ ಕಡೆ. ಒಂದು ಸಭೆಯಲ್ಲಿ ಲೆಕ್ಕಪತ್ರ ತೋರಿಸಿರೆಂದು ಕೇಳಿದ ಕೆಲವರನ್ನು ಬಾಯಿಮುಚ್ಚಿಸಲು ಬಲಿಗಿಂತ ವಿಧೇಯತೆ ದೊಡ್ಡದೆಂಬ ಇದೇ ವಚನವನ್ನು ಓದಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ವಚನ ಬಂದದ್ದು ಯಾರಿಗೆ? ಸಿಂಹಾಸನದ ಮೇಲೆ ಕುಳಿತವನಿಗೆ. ತಪ್ಪು ತೋರಿಸಿದವನ ಕೈಯಲ್ಲಿ ಸೈನ್ಯವಿರಲಿಲ್ಲ, ಹರಿದ ನಿಲುವಂಗಿ ಇತ್ತು. ಆಳುವವನು ಉತ್ತರ ಕೊಡಬೇಕಾದವನು ಎಂದು ಹೇಳಲು ಬರೆದ ಕಥೆಯನ್ನು ಆಳಿಸಿಕೊಳ್ಳುವವರ ಮೇಲೆ ಬೀಸುವುದು ಪಠ್ಯಕ್ಕೆ ಬಗೆಯುವ ದ್ರೋಹ. ಸೌಲನ ಸ್ಥಾನದಲ್ಲಿ ಮೊದಲು ನಿಂತು ಓದಬೇಕಾದವರು ಪೀಠದಲ್ಲಿರುವವರೇ.

ಕೊನೆಯ ರಾತ್ರಿಗೆ ಬರುತ್ತೇನೆ. ಸಮುವೇಲ ಸತ್ತಿದ್ದಾನೆ. ಫಿಲಿಷ್ಟಿಯರು ಶೂನೇಮಿನಲ್ಲಿ, ಸೌಲ ಗಿಲ್ಬೋವ ಬೆಟ್ಟದಲ್ಲಿ. ಅವನು ಯೆಹೋವನನ್ನು ಕೇಳುತ್ತಾನೆ. ಕನಸಿನಿಂದಲೂ, ಯಾಜಕರ ಊರೀಮಿನಿಂದಲೂ, ಪ್ರವಾದಿಗಳಿಂದಲೂ ಉತ್ತರವಿಲ್ಲ. ಹೀಬ್ರೂವಿನಲ್ಲಿ ಇಲ್ಲಿ ಅವನ ಹೆಸರೂ ಅವನ ಕ್ರಿಯೆಯೂ ಒಂದಾಗಿ ನಿಲ್ಲುತ್ತವೆ: ಕೇಳಿ ಪಡೆದವನು ಕೇಳಿದ. ಮೌನ. ತಾನೇ ದೇಶದಿಂದ ಓಡಿಸಿದ್ದ ಮಂತ್ರವಾದಿಗಳಲ್ಲಿ ಒಬ್ಬಳು ಏಂದೋರಿನಲ್ಲಿ ಉಳಿದಿದ್ದಾಳೆಂದು ತಿಳಿದು, ರಾಜವಸ್ತ್ರ ಕಳಚಿ, ವೇಷ ಮರೆಸಿ, ಇಬ್ಬರು ಆಳುಗಳೊಡನೆ ಹೊರಡುತ್ತಾನೆ. ಏಂದೋರ್ ಇರುವುದು ಶತ್ರುವಿನ ಪಾಳೆಯದ ಆಚೆಗೆ. ಕತ್ತಲಲ್ಲಿ ಅವರನ್ನು ಬಳಸಿ ಹೋಗಬೇಕು. ಹೀಬ್ರೂ ಲಿಪಿಯಲ್ಲಿ ಸೌಲ ಎಂಬ ಹೆಸರನ್ನೂ ಸತ್ತವರ ಲೋಕವಾದ 'ಷೆಓಲ್' ಎಂಬುದನ್ನೂ ಅದೇ ಅಕ್ಷರಗಳಲ್ಲಿ ಬರೆಯುತ್ತಾರೆ. ಸ್ವರ ಮಾತ್ರ ಬೇರೆ.

ಅವಳ ಕರೆಗೆ ಎದ್ದುಬಂದ ಸಮುವೇಲ ಕನಿಕರ ತೋರುವುದಿಲ್ಲ. ಹಳೆಯದನ್ನೇ ಹೇಳುತ್ತಾನೆ: ನೀನು ಕೇಳಲಿಲ್ಲ. ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರುತ್ತೀರಿ ಎನ್ನುತ್ತಾನೆ. ಸೌಲ ನೆಲಕ್ಕೆ ಉರುಳುತ್ತಾನೆ, ತನ್ನ ಪೂರ್ತಿ ಉದ್ದಕ್ಕೂ. ಎಲ್ಲರಿಗಿಂತ ಎತ್ತರದವನೆಂದು ಮೊದಲ ದಿನ ನಾವು ಕತ್ತೆತ್ತಿ ನೋಡಿದ್ದ ಆ ಮೈ ಈಗ ಮಂತ್ರವಾದಿನಿಯ ಮನೆಯ ನೆಲದ ಮೇಲೆ ಉದ್ದಕ್ಕೆ ಬಿದ್ದಿದೆ. ಹಗಲೂ ರಾತ್ರಿಯೂ ಅವನು ಏನೂ ತಿಂದಿರಲಿಲ್ಲ.

ಮುಂದಿನ ಐದಾರು ವಚನಗಳನ್ನು ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆ ಹೆಂಗಸು ಬಳಿ ಬರುತ್ತಾಳೆ. ನಿನ್ನ ಮಾತನ್ನು ನಾನು ಪ್ರಾಣದ ಹಂಗು ತೊರೆದು ಕೇಳಿದೆ, ಈಗ ನನ್ನ ಮಾತನ್ನು ನೀನು ಕೇಳು, ಒಂದು ತುತ್ತು ಉಣ್ಣು ಎಂಬುದು ಅವಳ ಬಿನ್ನಹ. ಅವನು ಒಲ್ಲೆನೆನ್ನುತ್ತಾನೆ. ಅವಳೂ ಆಳುಗಳೂ ಒತ್ತಾಯಿಸುತ್ತಾರೆ. ಸೌಲ ಕೇಳುತ್ತಾನೆ. ಮೂಲದಲ್ಲಿ ಅದೇ 'ಶಾಮಾ'. ದೇವರ ವಿಷಯದಲ್ಲಿ ಯಾವ ಕ್ರಿಯಾಪದ ಇವನ ಬಗ್ಗೆ ಇಲ್ಲ ಎಂದು ಹೇಳಿಸಿಕೊಂಡಿತ್ತೋ ಅದು ಕಡೆಯ ರಾತ್ರಿ ಹೌದು ಎಂದಾಗುತ್ತದೆ. ಆ ಮಾತು ಒಬ್ಬ ಬಹಿಷ್ಕೃತ ಹೆಂಗಸಿನದು, ಊಟದ ಕರೆ. ಅವಳು ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಡುತ್ತಾಳೆ. ತುತ್ತು ಮುಟ್ಟಬಾರದೆಂದು ಹಿಂದೊಮ್ಮೆ ಸೈನ್ಯಕ್ಕೆ ಆಣೆಯಿಟ್ಟಿದ್ದವನು ಅವಳ ಮಂಚದ ಮೇಲೆ ಕುಳಿತು ಉಣ್ಣುತ್ತಾನೆ. ಪೂರ್ವಕಾಲವೃತ್ತಾಂತದ ಲೇಖಕನಿಗೆ ಏಂದೋರ್ ಎಂದರೆ ಆರೋಪಪಟ್ಟಿಯ ಒಂದು ಸಾಲು. ಅಲ್ಲಿ ರೊಟ್ಟಿಯಿಲ್ಲ. ಎರಡು ಪುಸ್ತಕಗಳ ನಡುವಣ ಅಂತರ ಆ ರೊಟ್ಟಿಯಷ್ಟು.

ಬಿ.ಎಂ.ಶ್ರೀಯವರು ಸೊಫೊಕ್ಲಿಸ್‌ನ 'ಅಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಮಾಡಿ ಕನ್ನಡಕ್ಕೆ ತಂದರು. ಅಲ್ಲಿಯೂ ದೈವದ ಮುನಿಸಿಗೆ ಗುರಿಯಾದ ವೀರನಿದ್ದಾನೆ, ತನ್ನ ಕತ್ತಿಯಿಂದಲೇ ಸಾವಿದೆ. ಗ್ರೀಕ್ ಮೂಲದಲ್ಲಿ ಶವಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ಜಗಳ ನಾಟಕದ ಉತ್ತರಾರ್ಧವನ್ನೇ ತುಂಬುತ್ತದೆ. ಸೌಲನ ಹೆಣದ ಬಗ್ಗೆ ಯಾರೂ ಜಗಳವಾಡಲಿಲ್ಲ. ಗಿಲ್ಬೋವದಲ್ಲಿ ಮೂವರು ಮಕ್ಕಳು ಸತ್ತ ಮೇಲೆ, ಬಿಲ್ಲುಗಾರರ ಬಾಣ ತಾಗಿ, ಕೊಲ್ಲೆಂದರೆ ಆಯುಧವಾಹಕನೂ ಅಂಜಿದಾಗ, ಸೌಲ ತನ್ನ ಕತ್ತಿಯ ಮೇಲೆ ಬಿದ್ದ. ಅವನನ್ನು ಕೊಂದವನು ತಾನೆಂದು ಹೇಳಿಕೊಂಡು ದಾವೀದನ ಬಳಿಗೆ ಕಿರೀಟ ತಂದವನು ಒಬ್ಬ ಅಮಾಲೇಕ್ಯ. ಫಿಲಿಷ್ಟಿಯರು ಸೌಲನ ತಲೆ ಕಡಿದು, ಮುಂಡವನ್ನು ಬೇತ್ಷೆಯಾನಿನ ಗೋಡೆಗೆ ಜಡಿದರು.

ಸುದ್ದಿ ಯೊರ್ದನಿನ ಆಚೆ ಯಾಬೇಷ್ ಗಿಲ್ಯಾದಿಗೆ ಮುಟ್ಟಿತು. ಬಲಗಣ್ಣು ಉಳಿಸಿಕೊಂಡಿದ್ದ ಊರು. ಅಲ್ಲಿನ ಗಂಡಸರು ಎದ್ದು, ರಾತ್ರಿಯೆಲ್ಲ ನಡೆದು, ಗೋಡೆಯಿಂದ ಅವನನ್ನೂ ಅವನ ಮಕ್ಕಳನ್ನೂ ಇಳಿಸಿ ಹೊತ್ತು ತಂದರು. ದಹನ ಮಾಡಿ, ಎಲುಬುಗಳನ್ನು ಪಿಚುಲ ಮರದ ಕೆಳಗೆ ಹೂಳಿದರು. ಯಾರೂ ಆಣೆಯಿಡದಿದ್ದರೂ ಏಳು ದಿನ ಉಪವಾಸ ಮಾಡಿದರು.